ಖೀಮಾ ಪಾವ್ ಮಾಡುವವರಿಗೆ ಬೆಳಗಾವಿ ಕ್ಯಾಂಪಿನ ಒಂದು ಮಟನ್ ಅಂಗಡಿ

ಅಮೆರಿಕದ ಮನೆಗಳಲ್ಲಿ ರಾತ್ರಿಯ ಊಟವನ್ನು ಬೇಗ ಮುಗಿಸಬೇಕಾದಾಗ ‘ಸ್ಲಾಪಿ ಜೋ’ ಮಾಡುತ್ತಾರೆ. ದನದ ಮಾಂಸದ ಖೀಮಾವನ್ನು ಈರುಳ್ಳಿ, ಟೊಮ್ಯಾಟೊ ಕೆಚಪ್ ಮತ್ತು ವೂಸ್ಟರ್‌ಶೈರ್ ಸಾಸ್‌ನಲ್ಲಿ ಬೇಯಿಸಿ ಬನ್ನಿನ ನಡುವೆ ತುಂಬುವ ಈ ತಿನಿಸಿಗೆ ಬೇಕಾದ ಸಾಸ್ 1969ರಿಂದ ‘ಮ್ಯಾನ್‌ವಿಚ್’ ಎಂಬ ಹೆಸರಿನಲ್ಲಿ ಅಲ್ಲಿ ಡಬ್ಬಿಯಲ್ಲಿಯೇ ಸಿಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಟನ್ ಖೀಮಾದಿಂದ, ಪಾವ್ ಜೊತೆ ಮಾಡುತ್ತೇವೆ. ಇದರ ರುಚಿ ಮಸಾಲೆಗಿಂತ ಹೆಚ್ಚಾಗಿ ಖೀಮಾದ ಗುಣವನ್ನೇ ಅವಲಂಬಿಸಿರುವುದರಿಂದ, ಕ್ಯಾಂಪ್ ಭಾಗದಲ್ಲಿ ನಾವು ಖೀಮಾ ತರುವ ಅಂಗಡಿಯ ಕುರಿತು ವಿವರವಾಗಿ ಬರೆಯುವುದು ಉಚಿತವೆನಿಸಿತು.

ಈ ಅಂಗಡಿಯ ದೊಡ್ಡ ಗುಣವೆಂದರೆ ಗಿರಾಕಿಯ ಕಣ್ಣೆದುರಿಗೇ ಮಾಂಸ ಆರಿಸಿ ಖೀಮಾ ಮಾಡಿಕೊಡುವುದು. “ಯಾವುದಕ್ಕ ಬೇಕ್ರಿ, ಕಬಾಬಿಗೋ ಪಾವ್‌ಗೋ?” ಎಂದು ಅವರೇ ಕೇಳುತ್ತಾರೆ, ಪಾವ್‌ಗೆ ಎಂದರೆ ಮುಂಗಾಲಿನ ಮೇಲ್ಭಾಗದ ಮಾಂಸವನ್ನು ಸ್ವಲ್ಪ ಕೊಬ್ಬಿನೊಂದಿಗೆ ಕತ್ತರಿಸಿ, ಯಂತ್ರಕ್ಕೆ ದೊಡ್ಡ ತೂತಿನ ಬಿಲ್ಲೆ ಹಾಕಿ ಒಂದೇ ಸಲ ತಿರುಗಿಸುತ್ತಾರೆ. ಇದು ಸಣ್ಣ ಮಾತಲ್ಲ. ಕಬಾಬಿಗೆ ಖೀಮಾ ನುಣ್ಣಗಿರಬೇಕು, ಅಂಟಬೇಕು. ಆದರೆ ಸಾಸ್‌ನಲ್ಲಿ ಬೇಯುವ ಖೀಮಾ ಅಷ್ಟು ನುಣ್ಣಗಿದ್ದರೆ ಮುದ್ದೆಯಾಗಿ, ಬಾಯಿಗೆ ಮಾಂಸದ ಕಣವೇ ಸಿಗುವುದಿಲ್ಲ. ಕೊಬ್ಬು ಪೂರ್ತಿ ತೆಗೆಸುವುದೂ ತಪ್ಪು, ಏಕೆಂದರೆ ಅದಿಲ್ಲದ ಖೀಮಾ ಬೆಂದ ಮೇಲೆ ಮರಳಿನಂತೆ ಒಣಗುತ್ತದೆ.

ಇನ್ನೊಂದು ಮೆಚ್ಚುಗೆ ತೊಳೆಯುವ ಕ್ರಮಕ್ಕೆ ಸಲ್ಲಬೇಕು. ಇಲ್ಲಿ ಮಾಂಸವನ್ನು ತುಂಡಾಗಿದ್ದಾಗಲೇ ತೊಳೆದು, ನೀರು ಬಸಿದ ಮೇಲೆ ಯಂತ್ರಕ್ಕೆ ಹಾಕುತ್ತಾರೆ. ಖೀಮಾ ಮಾಡಿದ ಮೇಲೆ ಮನೆಯಲ್ಲಿ ತೊಳೆದರೆ ರುಚಿಯೂ ಹೋಗುತ್ತದೆ, ಒಳಗೆ ಉಳಿದ ನೀರಿನಿಂದಾಗಿ ಬಾಣಲೆಯಲ್ಲಿ ಅದು ಹುರಿಯುವ ಬದಲು ಕುದಿಯುತ್ತದೆ. ಇವರ ಖೀಮಾವನ್ನು ಅಗಲವಾದ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹರಡಿ ಕೆಲ ನಿಮಿಷ ಕೈಯಾಡಿಸದೆ ಬಿಟ್ಟರೆ ತಳಭಾಗ ಕಂದು ಬಣ್ಣಕ್ಕೆ ತಿರುಗಿ ಮನೆತುಂಬ ಘಮ ಹರಡುತ್ತದೆ.

ಅರ್ಧ ಕಿಲೋ ಖೀಮಾಕ್ಕೆ ಎರಡು ಉಳ್ಳಾಗಡ್ಡಿ, ಮೂರು ಹಣ್ಣಾದ ಟೊಮ್ಯಾಟೊ, ಬೆಳ್ಳುಳ್ಳಿ, ಬಣ್ಣಕ್ಕೆ ಬ್ಯಾಡಗಿ ಖಾರಪುಡಿ, ಖಾರಕ್ಕೆ ಚಿಟಿಕೆ ಸಂಕೇಶ್ವರಿ ಮೆಣಸಿನಕಾಯಿ ಪುಡಿ ಸಾಕು. ಕೆಚಪ್ಪಿನ ಸಿಹಿ ಹುಳಿಗೆ ಬದಲಾಗಿ ನಾನು ಒಂದು ಚಮಚ ಬೆಲ್ಲ ಮತ್ತು ಹುಣಸೆ ರಸ ಹಾಕುತ್ತೇನೆ. ಡಬ್ಬಿಯ ಸಾಸ್‌ಗಿಂತ ಇದು ನಮ್ಮ ನಾಲಿಗೆಗೆ ಹೆಚ್ಚು ಹೊಂದುತ್ತದೆಂಬುದು ನನ್ನ ದೃಢ ಅಭಿಪ್ರಾಯ. ಚಮಚ ಎಳೆದಾಗ ಬಾಣಲೆಯ ತಳ ಕ್ಷಣಕಾಲ ಕಂಡು ಮತ್ತೆ ಮುಚ್ಚಿಕೊಳ್ಳುವಷ್ಟು ಸಾಸ್ ಗಟ್ಟಿಯಾದಾಗ ಉರಿ ಆರಿಸಬೇಕು. ಅದಕ್ಕಿಂತ ತೆಳುವಾದರೆ ಪಾವ್ ನೆನೆದು ಕೈಯಲ್ಲೇ ಹರಿದುಹೋಗುತ್ತದೆ. ಪಾವ್‌ನ ಒಳಬದಿಯನ್ನು ತವಾದ ಮೇಲೆ ಬೆಣ್ಣೆ ಹಚ್ಚಿ ಕೆಂಪಗೆ ಕಾಯಿಸಿಕೊಂಡರೆ ಸಾಸ್ ಬೇಗ ಇಳಿಯುವುದಿಲ್ಲ.

ಕೊರತೆಗಳೂ ಇವೆ. ಭಾನುವಾರ ಬೆಳಿಗ್ಗೆ ಜನಸಂದಣಿ ಹೆಚ್ಚಿದಾಗ ಮೊದಲೇ ಮಾಡಿ ತಟ್ಟೆಯಲ್ಲಿಟ್ಟ ಖೀಮಾವನ್ನೇ ತೂಗಿಕೊಡುವುದುಂಟು. ಬೇಡವೆಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ಹೊಸದಾಗಿ ಮಾಡಿಕೊಡುತ್ತಾರೆ. ಇಡೀ ತುಂಡಿಗಿಂತ ಖೀಮಾ ಬೇಗ ಕೆಡುವುದರಿಂದ ಈ ವಿಷಯದಲ್ಲಿ ಸಂಕೋಚ ಬೇಡ. ಕಬಾಬಿನ ಖೀಮಾ ಮಾಡಿದ ಮೇಲೆ ಬಿಲ್ಲೆ ಬದಲಿಸಲು ಹುಡುಗರು ಮರೆಯುವುದೂ ಇದೆ, ಅದನ್ನು ನಿಂತು ಗಮನಿಸಬೇಕು. ದರವೂ ಸುತ್ತಲಿನ ಅಂಗಡಿಗಳಿಗಿಂತ ತುಸು ಹೆಚ್ಚು. ಆದರೆ ಎಲುಬಿನ ಚೂರು, ನರ ಒಂದೂ ಬರದಂತೆ ಆರಿಸಿ ಕೊಡುವ ಶ್ರಮಕ್ಕೆ ಆ ಹಣ ನ್ಯಾಯವೇ. ವಾರದ ನಡುವೆ ಸಂಜೆ ಹೋಗಿ, ಸಮೀಪದ ಬೇಕರಿಯಿಂದ ಆ ದಿನದ ಪಾವ್ ತೆಗೆದುಕೊಂಡು, ಅದೇ ರಾತ್ರಿ ಅಡುಗೆ ಮಾಡುವವರಿಗೆ ಈ ಅಂಗಡಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ.