ಗೇಮ್ ಅಟಕಾಯಿಸ್ತೈತಿ ಅಂತ ಲ್ಯಾಪ್‌ಟಾಪ್ ಹೊತ್ಕೊಂಡು ದುರ್ಗದಬೈಲಿಗೆ ಹೋಗಿದ್ದೆ

ನಾಲ್ಕು ಸ್ಟಾರ್ ಕೊಡಾಕತ್ತೀನಿ, ಐದನೇದು ಯಾಕಿಲ್ಲ ಅಂತ ಕಡೀಕ ಹೇಳ್ತೀನಿ. ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಹುಬ್ಬಳ್ಳಿ ದುರ್ಗದಬೈಲ್ ಕಡೆ ಒಂದು ಮಹಡಿ ಮ್ಯಾಲೆ ಐತಿ, ಬೋರ್ಡ್ ಕಣ್ಣಿಗೆ ಬೀಳೂದಿಲ್ಲ, ಕೆಳಗ ಗಿರಮಿಟ್ ಗಾಡಿ ನಿಂತಿರ್ತೈತಿ ಅದ ಗುರ್ತು.

ನಾ ಆಡೂದು ಗಿಲ್ಡ್ ವಾರ್ಸ್ 2, ಮಂದಿ ಕೂಡಿ ನೆಟ್ ಮ್ಯಾಲೆ ಆಡೂ ಗೇಮ್. 2012ರ ಆಟ, ಒಮ್ಮೆ ತಗೊಂಡ್ರ ತಿಂಗಳ ತಿಂಗಳ ರೊಕ್ಕ ಕಟ್ಟೂದಿಲ್ಲ, ಅದಕ್ಕ ಇನ್ನೂ ಹಿಡ್ಕೊಂಡು ಕುಂತೀನಿ. ನಮ್ಮ ಟೈಮಿನಾಗ ರಾತ್ರಿ 9:30ಕ್ಕ ಟೆಕ್ವಾಟಲ್ ಅನ್ನೂ ಡ್ರ್ಯಾಗನ್ ಬರ್ತೈತಿ, ಊಟ ಮುಗಿಸಿ ಕುಂತ್ರ ಮಂದಿ ಕೂಡಿದ ಕೂಡಲೇ ನನ್ನ ಸ್ಕ್ರೀನ್ ಒಂದೊಂದ ಫೋಟೋ ತೋರಿಸಿದಂಗ ಆಗಿಬಿಡ್ತಿತ್ತು, ನಾ ಎದ್ದು ನೋಡೂದ್ರಾಗ ಡ್ರ್ಯಾಗನ್ ಸತ್ತಿರ್ತಿತ್ತು. ಸ್ಕಿಲ್, ಅಂದ್ರ ಹೊಡಿಯೂ ಬಟನ್, ಒತ್ತಿದ್ರ ನನ್ನ ಕ್ಯಾರೆಕ್ಟರ್ ಎಷ್ಟೊತ್ತಿಗೋ ಹೊಡಿಯಾಂವ. ಇಷ್ಟ ಸಾಲದ್ದಕ್ಕ ಹೋದ ಅಪ್‌ಡೇಟ್ ಆದ ಮ್ಯಾಲೆ ಪ್ಲೇ ಒತ್ತಿದ್ರ ಸೀದಾ ಕ್ರ್ಯಾಶ್. ಮೊದ್ಲ ಬ್ಯಾರೆ ಒಂದು ಕಡೆ ತೋರಿಸಿದ್ದೆ, ಹೆಸರು ಬ್ಯಾಡ ಬಿಡ್ರಿ, ಚಾಲೂ ಸುದ್ದಾ ಮಾಡ್ಲಿಲ್ಲ, ಮದರ್‌ಬೋರ್ಡ್ ಹೋಗೈತಿ 14,000 ಆಕ್ಕೈತಿ ಅಂದ್ರು.

ಈ ಅಂಗಡಿ ಅಣ್ಣ ಹಂಗ ಮಾಡ್ಲಿಲ್ಲ. "ಏನ್ ಆಗ್ತೈತಿ ಅಂತ ನನಗ ಹೇಳಬ್ಯಾಡ ತಮ್ಮಾ, ಮಾಡಿ ತೋರ್ಸು" ಅಂದ್ರು. ಪ್ಲೇ ಒತ್ತಿದೆ, ಕ್ರ್ಯಾಶ್ ಆತು. ಗೇಮ್ ಫೋಲ್ಡರ್ ತಗದು ಒಂದು ಫೈಲಿನ ಮ್ಯಾಲೆ ಬೆರಳಿಟ್ರು, ಡಿ3ಡಿ11 ಡಿಎಲ್ಎಲ್. "ಇದನ್ನ ನೀ ಹಾಕಿದ್ದೇನು?" ಹೌದ್ರಿ, ಯಾರ ಹೊಡೆತ ಎಷ್ಟು ಬಿತ್ತು ಅಂತ ಎಣಿಸೂ ಆಡಾನ್, ಅಂದ್ರ ಗೇಮಿಗೆ ಮ್ಯಾಲಿಂದ ಹಚ್ಚೂ ಸಣ್ಣ ಸಾಫ್ಟ್‌ವೇರ್, ವರ್ಷದ ಹಿಂದ ಹಾಕಿ ಮರ್ತಬಿಟ್ಟಿದ್ದೆ! ಗೇಮ್ ಹೊಸಾದು ಆಕ್ಕೋತ ಹೊಂಟೈತಿ, ಇದು ಹಳೇದ ಕುಂತೈತಿ, ಎರಡಕ್ಕೂ ಕೂಡಂಗಿಲ್ಲ. ಆ ಫೈಲ್ ತಗದು ಡೆಸ್ಕ್‌ಟಾಪಿಗೆ ಹಾಕಿದ್ರು, ಗೇಮ್ ಓಪನ್ ಆತು. ನಾ ಎರಡ್ ಸಲ ಇಡೀ ಗೇಮ್ ಅಳಿಸಿ ಡೌನ್‌ಲೋಡ್ ಮಾಡಾಕ ಹೊಂಟಿದ್ದೆ, ಅದ್ಯಾವ್ದೂ ಬ್ಯಾಡ, ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ಕಡೀಕ ಸ್ಪೇಸ್ ಬಿಟ್ಟು ಒಂದು ಸಣ್ಣ ಗೆರಿ ಹಾಕಿ ಇಂಗ್ಲಿಷಿನ್ಯಾಗ ರಿಪೇರ್ ಅಂತ ಬರದ್ರ ಗೇಮ್ ತನ್ನ ಫೈಲ್ ತಾನ ತಪಾಸ ಮಾಡ್ಕೋತೈತಿ, ಕೆಟ್ಟದ್ದಷ್ಟ ಮತ್ತ ಇಳಿಸ್ಕೋತೈತಿ ಅಂತ ತೋರಿಸಿದ್ರು.

ಆಮ್ಯಾಲೆ ಬಾಜೂಕ ಟೆಂಪರೇಚರ್ ತೋರ್ಸೂ ಸಾಫ್ಟ್‌ವೇರ್ ಹಚ್ಚಿ ಹತ್ತು ನಿಮಿಷ ಆಡಿಸಿದ್ರು. 97 ಡಿಗ್ರಿ. 100ರ ಹತ್ರ ಹೋತಂದ್ರ ಪ್ರೊಸೆಸರ್ ಸುಟ್ಟು ಹೋಗಬಾರ್ದು ಅಂತ ತಾನ ಸ್ಪೀಡ್ ಇಳಿಸ್ತೈತಿ, ನಾವು ಅದನ್ನ ಲ್ಯಾಗ್ ಅಂತೀವಿ. ಹಿಂದಿನ ಮುಚ್ಚಳ ಬಿಚ್ಚಿದ್ರ ಫ್ಯಾನಿಗೂ ಅದರ ಮುಂದಿನ ತಾಮ್ರದ ಜಾಳಿಗೂ ನಡುವ ಧೂಳ ಕರೀ ಕಂಬಳಿ ತುಂಡಿನಂಗ ಕೂತಿತ್ತು, ಚಿಮಟಿಗಿಲೆ ಹಿಡ್ದು ಎಳದ್ರ ಒಂದ ತುಂಡಾಗಿ ಬಂತ ನೋಡ್ರಿ. ನಮ್ಮ ಹುಬ್ಬಳ್ಳಿ-ಧಾರವಾಡದ ಧೂಳ, ಹೇಳೂದೇನೈತಿ. ಪ್ರೊಸೆಸರಿನ ಬಿಸಿ ಹೊರಗ ದಾಟಿಸೂ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಅದನ್ನೂ ಒರಸಿ ಹೊಸಾದು ಹಚ್ಚಿದ್ರು. ಈಗ ಅದ ಆಟಕ್ಕ 80 ದಾಟಂಗಿಲ್ಲ. ಸೆಟ್ಟಿಂಗಿನ್ಯಾಗ ಕ್ಯಾರೆಕ್ಟರ್ ಮಾಡೆಲ್ ಲಿಮಿಟ್ ಅನ್ನೂದನ್ನ ಲೋಯೆಸ್ಟ್ ಮಾಡಿದ್ರು, ಗದ್ದಲದಾಗ ಎಲ್ಲಾರ್ನೂ ಬಿಡಿಸೂ ಭಾರ ಕಮ್ಮಿ ಆಕ್ಕೈತಿ, ಡ್ರ್ಯಾಗನ್ ಕಂಡ್ರ ಸಾಕಲ್ಲ, ಮಂದಿ ಅಂಗಿ ನೋಡಿ ಏನ್ ಮಾಡೂದೈತಿ.

"ಪಿಂಗ್ ಕಡಿಮಿ ಮಾಡೂ ಸಾಫ್ಟ್‌ವೇರ್ ಹಾಕ್ರಿ ಅಣ್ಣಾ" ಅಂದ್ರ ನಕ್ಕಬಿಟ್ರು. ಪಿಂಗ್ ಅಂದ್ರ ನಮ್ಮ ಸಿಗ್ನಲ್ ಗೇಮ್ ನಡಸೂ ಕಂಪ್ಯೂಟರಿಗೆ, ಅಂದ್ರ ಸರ್ವರಿಗೆ, ಹೋಗಿ ಬರಾಕ ಹಿಡಿಯೂ ಮಿಲಿಸೆಕೆಂಡ್. ಈ ಗೇಮಿನ ಸರ್ವರ್ ಇರೂದು ಅಮೆರಿಕಾ ಮತ್ತ ಯುರೋಪಿನ್ಯಾಗ. ಯುರೋಪ್ ಅಂದ್ರೂ ಇಲ್ಲಿಂದ ಸೀದಾ ಗೆರಿ ಎಳದ್ರ ಸುಮಾರು 7,000 ಕಿಲೋಮೀಟರ್, ಫೈಬರಿನ್ಯಾಗ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡ್ತೈತಿ, ಹೋಗಿ ಬರಾಕ 70 ಮಿಲಿಸೆಕೆಂಡ್ ಅಲ್ಲೇ ಹೋತು, ಅದೂ ಕೇಬಲ್ ಸಮುದ್ರದಾಗ ಸುತ್ತಬಳಸಿ ಹೋಗೂದನ್ನ ಹಿಡೀದ. "ಅದನ್ನ ಯಾವ ಸಾಫ್ಟ್‌ವೇರ್ ಕಡಿಮಿ ಮಾಡೂದೈತಿ, ನಿನ್ನ ಕೈಯಾಗ ಇರೂದು ನಿನ್ನ ಮನಿ ಅಷ್ಟ" ಅಂದ್ರು. ನಮ್ಮ ರೌಟರ್ ಪಡಸಾಲ್ಯಾಗ, ನಾ ಹಿತ್ತಲ ಖೋಲ್ಯಾಗ, ನಡುವ ಅಜ್ಜನ ಕಾಲದ ಕಲ್ಲಿನ ಗ್ವಾಡಿ. 15 ಮೀಟರ್ ಲ್ಯಾನ್ ಕೇಬಲ್ ಎಳ್ದೆ. ಪಿಂಗ್ 160 ಇದ್ದದ್ದು 155 ಆಗೈತಿ ಅಷ್ಟ, ಖರೇ ಅಂದ್ರ ನಡುನಡುವ 900ಕ್ಕ ಜಿಗಿಯೂದು ನಿಂತೈತಿ, ತ್ರಾಸ ಕೊಡ್ತಿದ್ದದ್ದು ಅದ. ಅವ್ವ ಮಾತ್ರ ದಿನಾ ಆ ಕೇಬಲ್ ಎಡವಿ ಬೈತಾಳ.

ಸರ್ವಿಸು ಪೇಸ್ಟು ಕೂಡಿ 700 ತಗೊಂಡ್ರು. ಫೈಲ್ ತಗದದ್ದಕ್ಕ ಎಷ್ಟ್ರಿ ಅಂದ್ರ "ಅದಕ್ಕೇನ್ ರೊಕ್ಕ" ಅಂದ್ರು.

ಒಂದು ಸ್ಟಾರ್ ಯಾಕ ಕಡದೆ ಅಂದ್ರ, ನಾಳೆ ಬಾ ಅಂದಾವ್ರು ನಾಲ್ಕು ದಿನ ಇಟ್ಕೊಂಡ್ರು, ಫೋನ್ ಎತ್ತಂಗಿಲ್ಲ, ಧಾರವಾಡದಿಂದ ಚಿಗರಿ ಬಸ್ ಹಿಡ್ದು ಎರಡ್ ಸಲ ಬಂದು ಬರಿಗೈಲೆ ಹೋಗೀನಿ, ಮನಿಗೆ ಬಂದು ನೋಡಿದ್ರ ಕೆಳಗಿಂದು ಒಂದು ಸ್ಕ್ರೂ ಇಲ್ಲ. ಹೋಗಾವ್ರು 11ರ ಮ್ಯಾಲೆ ಹೋಗ್ರಿ, ಚಾರ್ಜರ್ ಮರೀಬ್ಯಾಡ್ರಿ, ಗೇಮ್ ಅಪ್‌ಡೇಟ್ ಇದ್ರ ಮನ್ಯಾಗ ಮುಗಿಸ್ಕೊಂಡ ಹೋಗ್ರಿ, ಅವರ ಅಂಗಡಿ ನೆಟ್ ನಮ್ಮದಕ್ಕಿಂತ ಸ್ಲೋ ಐತಿ.