ಎರಡು ಮನೆಗಳಿಗೆ ಒಂದು ಕ್ಯಾಲೆಂಡರ್
ಮಗಳು ಒಂದು ವಾರ ನನ್ನ ಬಳಿ, ಮರುವಾರ ತನ್ನ ತಂದೆಯ ಬಳಿ ಇರಬೇಕೆಂದು ತೀರ್ಮಾನವಾದ ಮೇಲೆ ನಾವಿಬ್ಬರೂ ಗೂಗಲ್ ಕ್ಯಾಲೆಂಡರ್ ಬಳಸತೊಡಗಿದೆವು. ಎರಡು ವಾರಕ್ಕೊಮ್ಮೆ ಮರುಕಳಿಸುವಂತೆ ಒಂದು ಸಲ ನಮೂದಿಸಿದರೆ ಮುಂದಿನ ತಿಂಗಳುಗಳೆಲ್ಲ ತಾವಾಗಿಯೇ ತುಂಬಿಕೊಳ್ಳುತ್ತವೆ. ತಿದ್ದುವ ಅನುಮತಿ ಇಬ್ಬರಿಗೂ ಇರುವುದರಿಂದ, ದಂತವೈದ್ಯರ ಭೇಟಿಯಂಥ ವಿಷಯಕ್ಕೆ ಫೋನ್ ಮಾಡಿ ಮಾತು ಬೆಳೆಯುವ ಪ್ರಸಂಗವೇ ಈಗಿಲ್ಲ. ನನ್ನ ವಾರಗಳಿಗೆ ಹಸಿರು ಬಣ್ಣವನ್ನು ಆರಿಸಿದವಳು ಮಗಳೇ. ಭಾನುವಾರ ಸಂಜೆ ಚೀಲದ ಜಿಪ್ ಎಳೆದು, ಹಸಿರು ಮತ್ತೆ ಆರಂಭವಾಗುವ ಚೌಕದ ಮೇಲೆ ಬೆರಳಿಟ್ಟು ತೋರಿಸಿಯೇ ಅವಳು ಹೊರಡುತ್ತಾಳೆ. ಆಮೇಲಿನ ಮೌನಕ್ಕೆ ಯಾವ ತಂತ್ರಾಂಶದಲ್ಲೂ ಪರಿಹಾರವಿಲ್ಲ, ಆದರೂ ಆ ಚೌಕ ನನಗೆ ದೊಡ್ಡ ಆಸರೆ. ಮರುಮದುವೆಯ ದಿನಾಂಕವನ್ನು ಬೇರೆಯೇ ಖಾಸಗಿ ಕ್ಯಾಲೆಂಡರಿನಲ್ಲಿಟ್ಟು, ಮಗಳೊಂದಿಗೆ ಕೂತು ಮಾತನಾಡಿದ ನಂತರವೇ ಹಂಚಿಕೊಂಡೆ. ಈ ಪ್ರತ್ಯೇಕತೆಯ ಸೌಲಭ್ಯಕ್ಕಾಗಿಯೇ ನನ್ನಂಥ ತಾಯಂದಿರಿಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ.