ಜಂತೆಗೆ ಎಣ್ಣೆ ಬಳಿಸುವ ಮುಂಚೆ ಇದನ್ನು ಓದಿ

ಪಾಂಡವಪುರದ ಹತ್ತಿರ ನಮ್ಮ ತಾತನ ಕಾಲದ ತೊಟ್ಟಿ ಮನೆ ಇದೆ. ಮೂರು ವರ್ಷದ ಹಿಂದೆ ರಿಪೇರಿ ಮಾಡಿಸುವಾಗ ಕೆಲವು ಕಡೆ ಚಾವಣಿ ಹೊರುವ ತೊಲೆಗೆ, ಅಂದರೆ ಜಂತೆಗೆ, ಮಾವಿನ ಮರ ಹಾಕಿಸಿದೆವು. ಮನೆಯಲ್ಲಿ ಚಿಕ್ಕ ಮಗು ಇದೆ, ವಿಷದ ಔಷಧಿ ಬೇಡ ಅಂತ ಹೊಂಗೆ ಎಣ್ಣೆ, ಬೇವಿನೆಣ್ಣೆ ಸೇರಿಸಿ ಎರಡು ಸಲ ಬಳಿಸಿದೆ. "ಇನ್ನು ಹುಳ ಹತ್ತಿರಕ್ಕೂ ಬರಲ್ಲ" ಅಂದರು ಬಳಿದವರು. ನಂಬಿದೆ.

ಎರಡು ತಿಂಗಳಾದರೂ ಕೈಗೆ ಜಿಡ್ಡು. ಒಲೆಯ ಮಸಿ, ಧೂಳು ಎಲ್ಲ ಅಂಟಿಕೊಂಡು ಜಂತೆ ಕಪ್ಪಾಯಿತು. ಈ ಎರಡೂ ಎಣ್ಣೆ ಅಗಸೆ ಎಣ್ಣೆಯ ಹಾಗೆ ಒಣಗಿ ಗಟ್ಟಿ ಪದರ ಆಗುವುದಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಹಿಟ್ಟು ಉದುರಲು ಶುರುವಾಯಿತು. ಅಮ್ಮ ಬೆಳಿಗ್ಗೆ ಗುಡಿಸಿದ ಜಾಗದಲ್ಲೇ ಸಂಜೆ ಮತ್ತೆ ಸಣ್ಣ ಗುಡ್ಡೆ. ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಮೇಲೆ ನೋಡಿದರೆ ಗುಂಡುಸೂಜಿ ತಲೆಯಷ್ಟು ತೂತುಗಳು. ಗೆದ್ದಲಾಗಿದ್ದರೆ ಮಣ್ಣಿನ ಗೆರೆ ಕಾಣುತ್ತಿತ್ತು. ಇದು ಕುಟ್ಟೆ ಹುಳ. ಹಳೆಯ ಹಲಸಿನ ಕಂಬಗಳನ್ನು ಮುಟ್ಟಿಲ್ಲ, ಹೊಸ ಮಾವನ್ನೇ ಹಿಡಿದಿದೆ. ಈ ಹುಳಕ್ಕೆ ಮರದ ನಡುವಿನ ಗಟ್ಟಿ ಚೇಗಿಗಿಂತ ಪಿಷ್ಟ ಜಾಸ್ತಿ ಇರುವ ಹೊರಗಿನ ಬಿಳಿ ಭಾಗವೇ ಬೇಕು. ಏನೂ ಬಳಿಯದ ಮರದ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ತಿಂಗಳುಗಟ್ಟಲೆ ಒಳಗೇ ತಿನ್ನುತ್ತಿರುತ್ತದೆ. ನಾವು ಎಣ್ಣೆ ಬಳಿದಾಗ ಅದು ಆಗಲೇ ಒಳಗಿತ್ತು.

ಮೊದಲು ಬಿಳಿಗಾರ ಹಚ್ಚಬೇಕಿತ್ತು. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಬೋರಾಕ್ಸ್ ಅನ್ನುತ್ತಾರಲ್ಲ, ಅದೇ. 10 ಲೀಟರ್ ಬಿಸಿ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಸಿಡ್. ಏನೂ ಬಳಿಯದ ಮರಕ್ಕೆ ಎರಡು ಮೂರು ಸಲ ಬಳಿದು ಚೆನ್ನಾಗಿ ಒಣಗಿಸಬೇಕು. ಮನುಷ್ಯರಿಗೆ ಅಪಾಯ ಕಡಿಮೆ, ಆದರೂ ಮಕ್ಕಳ ಬಾಯಿಗೆ ಹೋಗಬಾರದು. ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಮೇಲೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಉಳಿದದ್ದನ್ನು ಒರೆಸಿಬಿಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ದಯವಿಟ್ಟು. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ನಮ್ಮದರಲ್ಲಿ ಎಣ್ಣೆ ಮೊದಲೇ ಕುಡಿದಿದ್ದ ಮರಕ್ಕೆ ಬಿಳಿಗಾರದ ನೀರು ಇಳಿಯಲೇ ಇಲ್ಲ, ಹನಿ ಹನಿಯಾಗಿ ಜಾರಿತು. ಟರ್ಪೆಂಟೈನ್‌ನಲ್ಲಿ ಒರೆಸಿ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿಸಿದೆ. ಎರಡು ಜಂತೆ ಬದಲಾಯಿಸಲೇಬೇಕಾಯಿತು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಉಳಿದವುಗಳ ಹಳೇ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಗುರುತಿಲ್ಲದ ತೂತು ಕಂಡರೆ ಅದು ಹೊಸದು. ಪ್ರತಿ ಭಾನುವಾರ ಏಣಿ ಹತ್ತಿ ನೋಡುತ್ತಿದ್ದೇನೆ.